ಸವೆದ ಬಿಡಿಭಾಗಕ್ಕೆ ವಾರಂಟಿ ಇಲ್ಲವೆಂದರೆ: ಗಡಿನಾಡಿನ ಗ್ರಾಹಕರಿಗೆ ಮಾಹಿತಿ

ಹೊಸ ಕಾರಿನ ಕ್ಲಚ್ ಪ್ಲೇಟ್ 10,000 ಕಿ.ಮೀ. ಆಗುವ ಮೊದಲೇ ಸವೆದುಹೋಗುತ್ತದೆ. "ಇದು ಸವೆಯುವ ಭಾಗ, ವಾರಂಟಿ ಬರುವುದಿಲ್ಲ" ಎಂದು ಸರ್ವಿಸ್ ಸೆಂಟರಿನವರು ಬಿಲ್ ಕೊಡುತ್ತಾರೆ. ಇದು ಎಲ್ಲ ಕಡೆ ಕೇಳಿಬರುವ ದೂರು. ಗಡಿನಾಡಿನವರಿಗೆ ಇನ್ನೊಂದು ತೊಡಕೂ ಇದೆ. ಮಂಜೇಶ್ವರದವರು ಮಂಗಳೂರಿನಲ್ಲಿ, ತಾಳವಾಡಿಯವರು ಮೈಸೂರಿನಲ್ಲಿ, ಹೊಸೂರಿನವರು ಬೆಂಗಳೂರಿನಲ್ಲಿ ಕಾರು ಕೊಂಡಿರಬಹುದು. ಮನೆ ಒಂದು ರಾಜ್ಯದಲ್ಲಿ, ಮಾರಿದವರು ಇನ್ನೊಂದು ರಾಜ್ಯದಲ್ಲಿ. ಹಾಗಾದರೆ ದೂರು ಕೊಡುವುದೆಲ್ಲಿ? ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇದಕ್ಕೆ ಉತ್ತರ ಕೊಟ್ಟಿದೆ: ತಮ್ಮ ಜಿಲ್ಲೆಯಲ್ಲೇ ಕೊಡಬಹುದು.

ಸವೆತವೋ, ದೋಷವೋ?

ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ಮುಂತಾದವು ಬಳಸಿದಂತೆ ಸವೆಯುವ ಭಾಗಗಳು. ವಾರಂಟಿ ಪುಸ್ತಕದಲ್ಲಿ ಇವುಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಇಲ್ಲವೇ ಕಡಿಮೆ ಅವಧಿ ನೀಡಿರುತ್ತಾರೆ. ಟಯರ್ ಮತ್ತು ಬ್ಯಾಟರಿಗೆ ಅವುಗಳ ತಯಾರಕರದ್ದೇ ಪ್ರತ್ಯೇಕ ವಾರಂಟಿ ಇರುವುದು ಹೆಚ್ಚು.

ಆದರೆ ಮುಖ್ಯ ಪ್ರಶ್ನೆ, ಆ ಭಾಗ ಏಕೆ ಸವೆಯಿತು ಎಂಬುದು. ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಸೋರಿ ಕ್ಲಚ್ ಪ್ಲೇಟಿಗೆ ಎಣ್ಣೆ ತಗುಲಿದರೆ ಅದು ಜಾರಿ ಬೇಗ ಸುಟ್ಟುಹೋಗುತ್ತದೆ. ಪ್ರೆಶರ್ ಪ್ಲೇಟ್ ಸರಿಯಾಗಿ ಒತ್ತದಿದ್ದರೂ ಹೀಗೇ ಆಗುತ್ತದೆ. ಬ್ರೇಕ್ ಕ್ಯಾಲಿಪರಿನ ಪಿನ್ ಬಿಗಿದುಕೊಂಡರೆ ಒಂದು ಪ್ಯಾಡ್ ಮಾತ್ರ ಸವೆದು, ಜೊತೆಯದು ಚೆನ್ನಾಗಿಯೇ ಉಳಿದಿರುತ್ತದೆ. ಇಂಥ ಕಡೆ ಸವೆತಕ್ಕೆ ಮೂಲ ಇನ್ನೊಂದು ಭಾಗದ ದೋಷ. ಆಯಿಲ್ ಸೀಲ್, ಕ್ಯಾಲಿಪರ್ ವಾರಂಟಿಯೊಳಗಿದ್ದರೆ ಗ್ರಾಹಕರ ವಾದಕ್ಕೆ ಬಲ ಬರುತ್ತದೆ. ಆದರೆ ಘಾಟಿ ರಸ್ತೆಯಲ್ಲಿ ಸದಾ ಹಾಫ್ ಕ್ಲಚ್‌ನಲ್ಲಿ ಓಡಿಸಿ ಪ್ಲೇಟ್ ಸುಟ್ಟುಕೊಂಡಿದ್ದರೆ ದೂರು ನಿಲ್ಲುವುದು ಕಷ್ಟ.

ಸರ್ವಿಸ್ ಸೆಂಟರಿನಲ್ಲಿ ಮಾಡಬೇಕಾದ್ದು

* ತೊಂದರೆಯ ವಿವರ, ದಿನಾಂಕ ಮತ್ತು ಓಡಿದ ಕಿ.ಮೀ. ಜಾಬ್ ಕಾರ್ಡಿನಲ್ಲಿ ಬರೆಸಬೇಕು.
* ವಾರಂಟಿ ನಿರಾಕರಿಸಿದ ಕಾರಣವನ್ನು ಲಿಖಿತವಾಗಿ ಕೇಳಬೇಕು. ಕೊಡದಿದ್ದರೆ ಇ-ಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕೇಳಿ ಪ್ರತಿ ಇಟ್ಟುಕೊಳ್ಳಬೇಕು.
* ಭಾಗ ಬಿಚ್ಚಿದಾಗಲೇ ಫೋಟೋ ತೆಗೆಯಬೇಕು. ಹಳೆಯ ಭಾಗವನ್ನು ಗುಜರಿಗೆ ಬಿಡದೆ ಕೇಳಿ ಪಡೆಯಬೇಕು. ಮುಂದೆ ಪರೀಕ್ಷೆಗೆ ಅದೇ ಸಾಕ್ಷಿ.
* ಕಾರು ಬೇಕೇಬೇಕಾಗಿ ಹಣ ಕಟ್ಟುವುದಾದರೆ "ಆಕ್ಷೇಪಣೆಯೊಂದಿಗೆ ಪಾವತಿ" ಎಂದು ಬಿಲ್ಲಿನ ಮೇಲೆ ಬರೆಯಬೇಕು.
* ಬೇರೆ ಅನುಭವಿ ಮೆಕ್ಯಾನಿಕ್ ಅಥವಾ ಆಟೊಮೊಬೈಲ್ ಎಂಜಿನಿಯರರ ಅಭಿಪ್ರಾಯವನ್ನು ಸಹಿಯೊಂದಿಗೆ ಪಡೆಯುವುದು ಒಳ್ಳೆಯದು.

ನಂತರ ಕಂಪೆನಿಯ ಗ್ರಾಹಕ ವಿಭಾಗಕ್ಕೆ ಬರೆಯಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಲ್ಲಿ ಕನ್ನಡ, ಮಲಯಾಳಂ, ತಮಿಳು, ತೆಲುಗು, ಮರಾಠಿ ಸೇರಿದಂತೆ 17 ಭಾಷೆಗಳಲ್ಲಿ ಮಾತನಾಡಬಹುದು. ಸಹಾಯವಾಣಿಯವರು ದೂರನ್ನು ಕಂಪೆನಿಗೆ ತಲುಪಿಸುತ್ತಾರೆ; ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ.

ಜಿಲ್ಲಾ ಆಯೋಗದಲ್ಲಿ ದೂರು

1986ರ ಹಳೆಯ ಕಾಯ್ದೆಯಲ್ಲಿ ಮಾರಾಟಗಾರರು ವ್ಯವಹಾರ ನಡೆಸುವ ಅಥವಾ ದೂರಿನ ಕಾರಣ ಉಂಟಾದ ಜಿಲ್ಲೆಗೇ ಹೋಗಬೇಕಿತ್ತು. ಜುಲೈ 2020ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ 34ನೇ ಕಲಮಿನಂತೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೂ ದೂರು ಸಲ್ಲಿಸಬಹುದು. ಹೀಗಾಗಿ ಮಂಗಳೂರಿನಲ್ಲಿ ಕೊಂಡ ಕಾರಿಗೆ ಕಾಸರಗೋಡಿನಲ್ಲಿ, ಮೈಸೂರಿನಲ್ಲಿ ಕೊಂಡ ಕಾರಿಗೆ ತಾಳವಾಡಿಯವರು ತಮ್ಮ ಈರೋಡ್ ಜಿಲ್ಲೆಯಲ್ಲಿ ದೂರು ಕೊಡಬಹುದು. ಮಾರಿದವರು ಮತ್ತು ತಯಾರಕರು ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ಲೇಸು.

ಕೊಟ್ಟ ಬೆಲೆ 50 ಲಕ್ಷ ರೂ. ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ 5 ಲಕ್ಷದವರೆಗೆ ಇಲ್ಲ. 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ., 50 ಲಕ್ಷದವರೆಗೆ 1,000 ರೂ. ವಕೀಲರು ಕಡ್ಡಾಯವಲ್ಲ. ದೂರಿನ ಕಾರಣ ಉಂಟಾದ 2 ವರ್ಷದೊಳಗೆ ಸಲ್ಲಿಸಬೇಕು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆಗೆ ಅರ್ಜಿ ಹಾಕಲು ಅವಕಾಶವಿದೆ.

ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರೆನಿಸುವುದಿಲ್ಲ. ಆದರೆ ಹೊಟ್ಟೆಪಾಡಿಗಾಗಿ ತಾವೇ ಟ್ಯಾಕ್ಸಿ ಓಡಿಸುವವರಿಗೆ ಈ ಅಡ್ಡಿಯಿಲ್ಲ.

ಏನು ಸಿಗಬಹುದು?

ದೋಷವನ್ನು ಪರೀಕ್ಷಿಸದೆ ತೀರ್ಮಾನಿಸಲಾಗದಿದ್ದರೆ ಆಯೋಗ ಭಾಗವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಅದರ ಶುಲ್ಕವನ್ನು ದೂರುದಾರರು ಕಟ್ಟಬೇಕಾಗಬಹುದು. ಕಾಯ್ದೆಯ ಪ್ರಕಾರ ಪ್ರಕರಣ 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಯಬೇಕು. ಹೆಚ್ಚು ಕಾಲ ಹಿಡಿಯುವುದೂ ಉಂಟು.

ದೋಷ ಸಾಬೀತಾದರೆ ರಿಪೇರಿ, ಭಾಗದ ಬದಲಾವಣೆ, ಕಟ್ಟಿದ ಹಣದ ವಾಪಸಾತಿ, ಪರಿಹಾರ ಮತ್ತು ಖರ್ಚು ಕೇಳಬಹುದು. ಒಂದು ಭಾಗ ಕೆಟ್ಟಿತೆಂದು ಹೊಸ ಕಾರನ್ನೇ ಕೇಳಿದರೆ ಫಲ ಸಿಗುವುದು ಅಪರೂಪ. ವಾರಂಟಿಯಡಿ ತಯಾರಕರ ಹೊಣೆ ದೋಷವಿರುವ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದು ಎಂದು ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆದ್ದರಿಂದ ಬೇಡಿಕೆ ಅಳತೆಯಲ್ಲಿರಬೇಕು, ದಾಖಲೆ ಗಟ್ಟಿಯಾಗಿರಬೇಕು. ಜಾಬ್ ಕಾರ್ಡ್ ಮತ್ತು ಹಳೆಯ ಭಾಗ ಕೈಯಲ್ಲಿದ್ದವರಿಗೆ ಅರ್ಧ ಕೆಲಸ ಆದಂತೆಯೇ.