ದಂಡಿನ ಮೈದಾನದಿಂದ ಕಲ್ಕತ್ತೆಗೆ

ಭಾರತದಲ್ಲಿ ಫುಟ್‌ಬಾಲನ್ನು ನೆಚ್ಚಿ ಬದುಕಿದವರ ಚರಿತ್ರೆಯನ್ನು ಪರಿಶೀಲಿಸುವಾಗ ಪರದೇಶ ಎಂಬ ಮಾತಿನ ಅರ್ಥವನ್ನು ಮೊದಲಿಗೆ ತುಸು ಸಡಿಲಿಸಿಕೊಳ್ಳಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಬೆಂಗಳೂರಿನ ಆಟಗಾರನ ಪಾಲಿಗೆ ಪರದೇಶವೆಂದರೆ ಕಲ್ಕತ್ತೆಯೇ ಆಗಿತ್ತು. ಅಲ್ಲಿನ ಮಾತು, ಊಟ, ಹವೆ ಎಲ್ಲವೂ ಬೇರೆಯಾಗಿದ್ದರೂ ಕಾಲಿನ ಕಸುಬಿಗೆ ಬೆಲೆ ಕಟ್ಟುವ ಸಂತೆ ಅಲ್ಲಿ ನೆರೆಯುತ್ತಿತ್ತು. ಯುರೋಪ್ ಮತ್ತು ಅಮೆರಿಕೆಗಳ ಬಾಗಿಲು ಬಹಳ ತಡವಾಗಿ, ಅದೂ ಅರೆಬರೆಯಾಗಿ, ತೆರೆಯಿತು.

ಬೆಂಗಳೂರಿನಲ್ಲಿ ಈ ಆಟ ಬೇರು ಬಿಟ್ಟದ್ದು ಪೇಟೆಯಲ್ಲಲ್ಲ, ದಂಡಿನಲ್ಲಿ. 1809ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಸೇನಾ ನೆಲೆಯನ್ನು ಜನ ದಂಡು ಎಂದೇ ಕರೆದರು. ಅಲ್ಲಿನ ಪಲ್ಟನ್ನುಗಳ ಆಟವನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿ ಕಲಿತವರು ಹಲಸೂರು, ಆಸ್ಟಿನ್ ಟೌನ್, ಗೌತಮಪುರ, ಶಿವಾಜಿನಗರಗಳ ಕಡೆಯ ಹುಡುಗರು, ಅಂದರೆ ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ತೆಲುಗನ್ನೋ ಆಡುತ್ತ ಬೀದಿಯಲ್ಲಿ ಎಲ್ಲವನ್ನೂ ಬೆರೆಸುತ್ತಿದ್ದ ದುಡಿಯುವ ಜನರ ಮಕ್ಕಳು. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ನಾಲ್ಕು ದಶಕಗಳಿಗೂ ಮಿಕ್ಕಿ ಗೋರಾ ಪಲ್ಟನ್ನುಗಳ ಸ್ವತ್ತಾಗಿದ್ದುದನ್ನು ಮುರಿದು, 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿದ ಬೆಂಗಳೂರು ಮುಸ್ಲಿಮ್ಸ್, ಮರುವರ್ಷವೂ ಕಪ್ಪನ್ನು ಉಳಿಸಿಕೊಂಡಿತು. ಕನ್ನಡದ ಸಾಂಸ್ಕೃತಿಕ ಚರಿತ್ರೆಗಳಲ್ಲಿ ಈ ಗೆಲುವಿಗೆ ಒಂದು ಸಾಲೂ ಸಿಗುವುದು ಅಪರೂಪ. ದಂಡು ಮತ್ತು ಪೇಟೆಗಳ ನಡುವಿನ ಹಳೆಯ ಬೇಲಿ ನೆನಪಿನಲ್ಲೂ ಉಳಿದುಕೊಂಡಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ ಈ ಪರಂಪರೆಯ ಕೂಸು; ಅವರ ಸಹೋದರರೂ ಚೆಂಡಿನ ಹಿಂದೆ ಓಡಿದವರೇ. ಆ ಕಾಲದ ತಂಡಗಳು ಐವರನ್ನು ಮುಂಪಡೆಯಲ್ಲಿ ನಿಲ್ಲಿಸುತ್ತಿದ್ದವು. ಎರಡು ಅಂಚುಗಳಲ್ಲಿ ಓಡುವವರು ಔಟ್‌ಸೈಡ್, ನಟ್ಟನಡುವೆ ನಿಂತು ಗೋಲು ಹೊಡೆಯುವವನು ಸೆಂಟರ್ ಫಾರ್ವರ್ಡ್, ಇವರ ನಡುವಿನ ಸಂದುಗಳಲ್ಲಿ ಚೆಂಡನ್ನು ಹೊಂಚಿ ಹಂಚುವವರು ಇನ್‌ಸೈಡ್. ಅಹ್ಮದ್ ಖಾನ್ ಎಡಗಡೆಯ ಇನ್‌ಸೈಡ್ ಆಗಿದ್ದರು. ಬರಿಗಾಲ ಆಟಗಾರನಿಗೆ ಚೆಂಡಿನ ತೂಕ, ಹೊಲಿಗೆ, ಉರುಳು ಎಲ್ಲವೂ ಚರ್ಮಕ್ಕೇ ತಿಳಿಯುತ್ತದೆ. ಅಂಗಾಲಿನಿಂದ ಚೆಂಡನ್ನು ಒತ್ತಿ ಹಿಡಿದು, ಎದುರಾಳಿ ಕಾಲು ಚಾಚುವವರೆಗೆ ಕಾದು, ಹೆಬ್ಬೆರಳಿನ ಮಗ್ಗುಲಿನಿಂದ ಪಕ್ಕಕ್ಕೆಳೆದುಕೊಳ್ಳುವ ಚಳಕ ಬೂಟಿನೊಳಗಿನ ಪಾದಕ್ಕೆ ಅಷ್ಟು ಸುಲಭವಲ್ಲ. ಕಲ್ಕತ್ತೆಯ ಜನ ಅಹ್ಮದ್ ಖಾನರನ್ನು ಹಾವಾಡಿಗನೆಂದು ಕರೆದದ್ದರ ಹಿಂದೆ ಈ ಚಳಕವಿತ್ತು.

1948ರ ಲಂಡನ್ ಒಲಿಂಪಿಕ್ಸಿಗೆ ಹೊರಟ ಸ್ವತಂತ್ರ ಭಾರತದ ತಂಡದಲ್ಲಿ ಅಹ್ಮದ್ ಖಾನರ ಜೊತೆಗೆ ಎಸ್. ರಾಮನ್, ಬಶೀರ್, ವಜ್ರವೇಲು ಮೊದಲಾದ ಬೆಂಗಳೂರಿನವರಿದ್ದರು. ಜುಲೈ 31ರಂದು ಇಲ್‌ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ, ಬಹುಪಾಲು ಬರಿಗಾಲಿನಲ್ಲೇ ಇಳಿದ ಆ ತಂಡ ಫ್ರಾನ್ಸಿಗೆ ಸರಿಸಮವಾಗಿ ಆಡಿತು. 70ನೆಯ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರೂ, ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕೊನೆಯ ಗಳಿಗೆಯ ಗೋಲಿನಿಂದ 1-2ರಲ್ಲಿ ಪಂದ್ಯ ಕೈತಪ್ಪಿತು. ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯಲ್ಲಿ ಪರಿಸ್ಥಿತಿ ಪೂರಾ ತಿರುಗುಮುರುಗಾಗಿತ್ತು. ಉತ್ತರದ ಚಳಿಯಲ್ಲಿ, ಬರಿಪಾದ ಊರಿದಲ್ಲೆಲ್ಲ ಜಾರುವ ಹಸಿ ಹುಲ್ಲಿನ ಮೇಲೆ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಬಡಿದುಹಾಕಿತು, ಮತ್ತು ಆ ಒಂಟಿ ಗೋಲು ಅಹ್ಮದ್ ಖಾನರದಾಗಿತ್ತು. ಹೀಗೆ ಸ್ವಾತಂತ್ರ್ಯಾನಂತರದ ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತ ಹೊಡೆದ ಎರಡೇ ಎರಡು ಗೋಲುಗಳೂ ಬೆಂಗಳೂರಿನ ಕಾಲುಗಳಿಂದ ಬಂದವು. ಹೆಲ್ಸಿಂಕಿಯ ಪೆಟ್ಟಿನ ನಂತರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯಗೊಳಿಸಿತು.

ಬೂಟಿಲ್ಲದ ಪಾದದ ಪರದೇಶ ಪ್ರಯಾಣ ಇದಕ್ಕೂ ಮೊದಲೇ ಒಮ್ಮೆ ನಡೆದಿತ್ತು. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಮೊಹಮ್ಮದ್ ಸಲೀಂ 1936ರಲ್ಲಿ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬಿನ ಪರ, ಪಾದಗಳಿಗೆ ಬರಿಯ ಪಟ್ಟಿ ಸುತ್ತಿಸಿಕೊಂಡು, ಎರಡು ಪಂದ್ಯಗಳನ್ನು ಆಡಿ ಅಲ್ಲಿನ ಪತ್ರಿಕೆಗಳನ್ನು ಬೆರಗುಗೊಳಿಸಿದರು. ಆದರೆ ಊರಿನ ಹಂಬಲ ಕಾಡಿ ಹಿಂದಿರುಗಿಬಿಟ್ಟರು.

ಅಹ್ಮದ್ ಖಾನ್ 1949ರಲ್ಲಿ ಸೇರಿದ್ದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು. 1920ರಲ್ಲಿ ಹುಟ್ಟಿದ ಈ ಕ್ಲಬ್ಬಿಗೆ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಕಳೆದುಹೋದ ಊರಿನ ಮಮತೆಯನ್ನೆಲ್ಲ ಧಾರೆಯೆರೆದಿದ್ದರು. ಆದರೆ ಅವರು ಕೊರಳು ಬಿರಿಯುವಂತೆ ಕೂಗಿ ಹುರಿದುಂಬಿಸಿದ, ಪಂಚಪಾಂಡವರೆಂದು ಹೆಸರಾದ ಮುಂಪಡೆಯ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಈ ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ, ಎಲ್ಲರೂ ದಕ್ಷಿಣದವರು. 1949ರಿಂದ 1951ರವರೆಗೆ ಸತತ ಮೂರು ಬಾರಿ, ಬಂಗಾಳದ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಐಎಫ್ಎ ನಡೆಸುತ್ತಿದ್ದ ಶೀಲ್ಡ್ ಅವರದಾಯಿತು. ನೆಲ ಕಳೆದುಕೊಂಡ ಒಂದು ಜನಸಮುದಾಯದ ಅಭಿಮಾನವನ್ನು ಆ ನೆಲವನ್ನು ಕಾಣದ ಕೂಲಿಯಾಳುಗಳು ಹೊತ್ತು ಮೆರೆಸಿದ್ದು ಈ ಕಸುಬಿನ ಚರಿತ್ರೆಯಲ್ಲಿ ಬಹುಶಃ ಎಲ್ಲಕ್ಕಿಂತ ಸೋಜಿಗದ ಸಂಗತಿ.

ಕೂಲಿ ಎಂಬ ಮಾತನ್ನು ಅಂದು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆಟಕ್ಕೆ ಹಣ ಪಡೆಯದವನನ್ನು ಮಾತ್ರ ಹವ್ಯಾಸಿ ಎನ್ನುತ್ತಿದ್ದರು ಮತ್ತು ಒಲಿಂಪಿಕ್ಸ್ ಆಡಲು ಹವ್ಯಾಸಿಗಳಿಗಷ್ಟೇ ಅವಕಾಶವಿತ್ತು. ಆದ್ದರಿಂದ ಸಂಭಾವನೆ ಎಂಬುದು ಖರ್ಚುವೆಚ್ಚ, ವಸತಿ, ಇಲ್ಲವೇ ಯಾವುದೋ ಕಚೇರಿಯ ನೌಕರಿ ಎಂಬ ವೇಷಗಳಲ್ಲಿ ಆಟಗಾರನ ಕೈಸೇರುತ್ತಿತ್ತು. ಋತುವಿನ ಆರಂಭದಲ್ಲಿ ಆಟಗಾರರು ಕ್ಲಬ್ ಬದಲಿಸುವ ದಿನಗಳಿಗೆ ಬಂಗಾಳಿಯಲ್ಲಿ ದೊಲ್‌ಬೊದೊಲ್, ಅಂದರೆ ತಂಡ ಬದಲು, ಎಂಬ ಹೆಸರೇ ಇತ್ತು. ಎದುರಾಳಿ ಕ್ಲಬ್ಬಿನವರ ಕಣ್ಣಿಗೆ ಬೀಳದಂತೆ ಆಟಗಾರನನ್ನು ಯಾರದೋ ಮನೆಯಲ್ಲಿ ಅಡಗಿಸಿಟ್ಟು, ನೋಂದಣಿಯ ಹೊತ್ತಿಗೆ ಬೆಂಬಲಿಗರ ಕಾವಲಿನಲ್ಲಿ ಐಎಫ್ಎ ಕಚೇರಿಗೆ ಕರೆತಂದು ಸಹಿ ಹಾಕಿಸುವುದು ನಗರದ ಹಬ್ಬಗಳಲ್ಲಿ ಒಂದೆಂಬಂತೆ ನಡೆಯುತ್ತಿತ್ತು. ಕೆಂಪಯ್ಯ, ಬೇಬಿ ಟ್ಯಾಕ್ಸಿ ಎಂದು ಅಡ್ಡಹೆಸರು ಪಡೆದ ಅರುಮೈನಾಯಗಂ ಇವರೆಲ್ಲ ಮೋಹನ್ ಬಾಗಾನ್ ಕ್ಲಬ್ಬಿಗೆ ಸೇರಿದ್ದು ಇದೇ ದಾರಿಯಲ್ಲಿ. ಹೀಗೆ ಹೋದವರು ಬಂಗಾಳದ ಆಟಗಾರರಾಗಿಯೇ ಲೆಕ್ಕಕ್ಕೆ ಬರುತ್ತಿದ್ದುದರಿಂದ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯಲ್ಲಿ ಮೈಸೂರಿಗೆ, ಅಂದರೆ ಇಂದಿನ ಕರ್ನಾಟಕಕ್ಕೆ, ತನ್ನ ಹುಡುಗರೇ ಎದುರಾಗುವ ಸಂದರ್ಭಗಳಿದ್ದವು. ಅಷ್ಟಾದರೂ ಮೈಸೂರು 1946-47, 1952-53, 1967-68 ಮತ್ತು 1968-69ರಲ್ಲಿ ಆ ಟ್ರೋಫಿಯನ್ನು ಗೆದ್ದುಕೊಂಡಿತು.

ಊರಲ್ಲೇ ಉಳಿದವರಿಗೆ ಆಸರೆಯಾದದ್ದು ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳು. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ, ತಿಂಗಳ ಕೊನೆಗೆ ಸಂಬಳ, ಕಾಲು ಸೋತ ಮೇಲೂ ನಿವೃತ್ತಿಯವರೆಗೆ ನೌಕರಿ. ಕಲ್ಕತ್ತೆಯ ಹೆಸರು ಇಲ್ಲಿರಲಿಲ್ಲ, ಆದರೆ ಮನೆ ನಡೆಯುತ್ತಿತ್ತು. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾಗಿ ಕರಾರುಪತ್ರದ ವೃತ್ತಿಪರತೆ ಬಂದ ಮೇಲೆ ಈ ಏರ್ಪಾಡು ಮೆಲ್ಲಗೆ ಕುಸಿಯಿತು. ಎಚ್‌ಎಎಲ್ 2012ರಲ್ಲಿ, ರಾಷ್ಟ್ರೀಯ ಲೀಗಿನ ಜಾಗಕ್ಕೆ ಬಂದಿದ್ದ ಐ-ಲೀಗಿನಿಂದ ಕೆಳಗಿಳಿದ ಮರುವರ್ಷವೇ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು.

ವಲಸೆಯ ದಿಕ್ಕು ಬದಲಾದದ್ದು ಆಗಲೇ. ಹೊಸ ಕ್ಲಬ್ಬಿನ ನಾಯಕನಾಗಿ ಬಂದ ಸುನಿಲ್ ಛೆಟ್ರಿ ಸಿಕಂದರಾಬಾದಿನಲ್ಲಿ ಹುಟ್ಟಿ, 2002ರಲ್ಲಿ ಮೋಹನ್ ಬಾಗಾನ್‌ನಲ್ಲಿ ವೃತ್ತಿ ಆರಂಭಿಸಿ, ಪಂಜಾಬ್, ಗೋವಾಗಳನ್ನು ಸುತ್ತಿದವರು. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರೊಡನೆ ಕರಾರು ಮಾಡಿಕೊಂಡಿತಾದರೂ, ಆಟಗಾರನ ದೇಶ ವಿಶ್ವ ಶ್ರೇಯಾಂಕದ ಮೊದಲ 70ರೊಳಗಿರಬೇಕೆಂಬ ನಿಯಮದಿಂದಾಗಿ ಕೆಲಸದ ಪರವಾನಗಿ ದೊರೆಯಲಿಲ್ಲ. 2010ರಲ್ಲಿ ಅಮೆರಿಕೆಯ ಕಾನ್ಸಾಸ್ ಸಿಟಿ ವಿಝರ್ಡ್ಸ್ ಸೇರಿದರೂ ಅಲ್ಲಿನ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ; 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡಕ್ಕೆ ಆಡಿದ್ದು ಬೆರಳೆಣಿಕೆಯ ಪಂದ್ಯಗಳು. ಸಲೀಂ ಅವರ ಎರಡು ಪಂದ್ಯಗಳಿಂದ ಮುಕ್ಕಾಲು ಶತಮಾನ ಕಳೆದಿದ್ದರೂ ಲೆಕ್ಕ ಹೆಚ್ಚು ಮುಂದೆ ಸರಿದಿರಲಿಲ್ಲ. ಭಾರತದ ಪರ 90ಕ್ಕೂ ಹೆಚ್ಚು ಗೋಲು ಹೊಡೆದ ಛೆಟ್ರಿಯವರ ವಿದೇಶದ ಅಧ್ಯಾಯ ಇಷ್ಟು ಕಿರಿದಾದದ್ದಕ್ಕೆ ಆಟದ ಕೊರತೆಯನ್ನಷ್ಟೇ ಕಾರಣವಾಗಿ ತೋರಿಸುವುದು ಸರಿಯಾಗದು. ದೇಶದ ಶ್ರೇಯಾಂಕವೆಂಬ ಹೊರೆ ಆಟಗಾರನ ಬೆನ್ನ ಮೇಲಿತ್ತು.

ಪರದೇಶದಲ್ಲಿ ನೆಲೆ ಸಿಗದ ಛೆಟ್ರಿಯವರಿಗೆ ನೆಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಹೊಸ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಏಷ್ಯಾ ಮಟ್ಟದ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿ, ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಲ್ಲಿದ್ದ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು 2017ರಲ್ಲಿ ಯುರೋಪಿನಿಂದ ನೇರವಾಗಿ ಇಲ್ಲಿಗೆ ಬಂದರು. ಒಂದು ಕಾಲಕ್ಕೆ ಆಟಗಾರರನ್ನು ಕಳಿಸಿಕೊಡುತ್ತಿದ್ದ ಊರು ಕರೆಸಿಕೊಳ್ಳುವ ಊರಾಯಿತು. ಹಾಗೆಂದು ಗೌತಮಪುರದ ಹುಡುಗರಿಗೆ ಆ ತಂಡದಲ್ಲಿ ಹೇರಳ ಜಾಗ ಸಿಕ್ಕಿತೆಂದಲ್ಲ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಆ ಬಡಾವಣೆಯಿಂದ ಕ್ಲಬ್ಬಿನ ತವರು ಮೈದಾನವಾದ ಕಂಠೀರವ ಕ್ರೀಡಾಂಗಣ ಕೆಲವೇ ಮೈಲಿ ದೂರದಲ್ಲಿದೆ.

ಕಲ್ಕತ್ತೆಗೆ ಹೋದ ಅಹ್ಮದ್ ಖಾನ್ ಸುಮಾರು ಒಂದು ದಶಕ ಈಸ್ಟ್ ಬೆಂಗಾಲ್ ತಂಡಕ್ಕೇ ಆಡಿ, ಕೊನೆಗೆ ಬೆಂಗಳೂರಿಗೆ ಮರಳಿ, 2017ರಲ್ಲಿ ಹುಟ್ಟೂರಿನಲ್ಲೇ ತೀರಿಕೊಂಡರು. ಅದಾಗಿ ಆರು ವರ್ಷಗಳಿಗೆ, 2023ರ ಮಾರ್ಚ್ 4ರಂದು, ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮತ್ತೆ ಎತ್ತಿಕೊಂಡಿತು. ಆ ಫೈನಲ್ ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ, ಸೌದಿ ಅರೇಬಿಯಾದ ರಿಯಾದಿನಲ್ಲಿ.