ಅಮೆರಿಕದ ಮೊದಲನೆಯ ಒಡಂಬಡಿಕೆ

ಸ್ವಾತಂತ್ರ್ಯವನ್ನು ಗಳಿಸುವುದು ಒಂದು ಸಾಹಸ. ಗಳಿಸಿದುದನ್ನು ಒಂದು ವ್ಯವಸ್ಥೆಗೆ ತಂದು ನಿಲ್ಲಿಸುವುದು ಮತ್ತೊಂದು ಸಾಹಸ. ಮೊದಲನೆಯದಕ್ಕೆ ಅವಶ್ಯವಾದ ಗುಣಗಳೇ ಎರಡನೆಯದಕ್ಕೆ ಅಡ್ಡಿಯಾಗಿ ಬರುವುದೂ ಉಂಟು. ಅಮೆರಿಕದ ಚರಿತ್ರೆಯಲ್ಲಿ ೧೭೮೧ ರಿಂದ ೧೭೮೯ ರವರೆಗಿನ ಎಂಟು ವರ್ಷಗಳು ಈ ಮಾತಿಗೆ ಒಳ್ಳೆಯ ನಿದರ್ಶನ. ಆ ದೇಶದ ಈಗಿನ ರಾಜ್ಯಾಂಗದ ವಿಷಯವನ್ನು ಬಲ್ಲವರು ಅನೇಕರು. ಅದಕ್ಕೆ ಮೊದಲು ಬೇರೊಂದು ರಾಜ್ಯಾಂಗವಿದ್ದಿತೆಂಬುದನ್ನೂ ಅದು ಕುಸಿದುಬಿದ್ದ ಬಗೆಯನ್ನೂ ನೆನೆಯುವವರು ವಿರಳ.

೧೭೭೬ ನೆಯ ಇಸವಿಯ ಜುಲೈ ತಿಂಗಳಲ್ಲಿ ಹದಿಮೂರು ವಸಾಹತುಗಳು ಇಂಗ್ಲೆಂಡಿನ ದೊರೆಯ ಆಳಿಕೆಯನ್ನು ಕಿತ್ತೊಗೆದವು. ಅದೇ ವರ್ಷ ಜಾನ್ ಡಿಕಿನ್‌ಸನ್ ಎಂಬ ವಿದ್ವಾಂಸನು ಒಕ್ಕೂಟದ ಕರಡೊಂದನ್ನು ಸಿದ್ಧಪಡಿಸಿದನು. ಕಾಂಗ್ರೆಸ್ಸು ಅದನ್ನು ತಿದ್ದಿ, ಮೊಟಕುಮಾಡಿ, ೧೭೭೭ ರ ನವೆಂಬರಿನಲ್ಲಿ ಅಂಗೀಕರಿಸಿತು. ಆದರೆ ಎಲ್ಲ ಸಂಸ್ಥಾನಗಳೂ ಒಪ್ಪಿದ ಹೊರತು ಅದು ಜಾರಿಗೆ ಬರುವಂತಿರಲಿಲ್ಲ. ಪಶ್ಚಿಮದ ವಿಶಾಲ ಭೂಮಿಯ ಮೇಲಣ ಹಕ್ಕನ್ನು ದೊಡ್ಡ ಸಂಸ್ಥಾನಗಳು ಒಕ್ಕೂಟಕ್ಕೆ ಬಿಟ್ಟುಕೊಡಬೇಕೆಂದು ಮೇರಿಲೆಂಡು ಹಟಹಿಡಿದು ಕುಳಿತಿತು. ವರ್ಜೀನಿಯವು ಮಣಿದ ಮೇಲೆ, ೧೭೮೧ ರ ಮಾರ್ಚಿ ೧ ರಂದು, ಒಡಂಬಡಿಕೆಯು ಪೂರ್ಣವಾಯಿತು. ಯುದ್ಧದ ಬಹುಭಾಗವು ಅಷ್ಟರಲ್ಲಿ ಕಳೆದೇಹೋಗಿತ್ತು.

ಈ ಒಡಂಬಡಿಕೆಯ ಸ್ವರೂಪವೇನು? ಪ್ರತಿಯೊಂದು ಸಂಸ್ಥಾನವೂ ತನ್ನ ಸಾರ್ವಭೌಮತ್ವವನ್ನು ತಾನೇ ಉಳಿಸಿಕೊಂಡಿತ್ತು. ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೊಂದೇ ಮತ. ಯುದ್ಧ, ಸಂಧಿ, ಸಾಲ ಮುಂತಾದ ಮುಖ್ಯ ವಿಷಯಗಳಿಗೆ ಒಂಬತ್ತು ಸಂಸ್ಥಾನಗಳ ಸಮ್ಮತಿ ಬೇಕು. ತಿದ್ದುಪಡಿಗೆ ಹದಿಮೂರೂ ಒಪ್ಪಬೇಕು. ಆಜ್ಞೆಗಳನ್ನು ನಡೆಸುವ ಕಾರ್ಯಾಂಗವಿಲ್ಲ. ಸಂಸ್ಥಾನಗಳ ಪ್ರಜೆಗಳ ಮೇಲೆ ನೇರವಾದ ಅಧಿಕಾರವಿಲ್ಲ. ವ್ಯಾಪಾರವನ್ನು ಕ್ರಮಪಡಿಸುವ ಹಕ್ಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತೆರಿಗೆಯನ್ನು ಹಾಕುವ ಅಧಿಕಾರವಿಲ್ಲ. ಬೇಕಾದ ಹಣಕ್ಕಾಗಿ ಕಾಂಗ್ರೆಸ್ಸು ಸಂಸ್ಥಾನಗಳನ್ನು ಕೇಳಿಕೊಳ್ಳಬಹುದಾಗಿತ್ತು, ಕೊಡದಿದ್ದರೆ ಸುಮ್ಮನಿರಬೇಕಾಗಿತ್ತು.

ಇದನ್ನು ರಚಿಸಿದವರು ಅವಿವೇಕಿಗಳೇ? ಹಾಗೆನ್ನುವುದು ಅನ್ಯಾಯ. ದೂರದ ಪಾರ್ಲಿಮೆಂಟೊಂದು ತಮ್ಮನ್ನು ಕೇಳದೆ ತೆರಿಗೆ ಹಾಕಿತೆಂದೇ ಅವರು ಕತ್ತಿಯನ್ನು ಹಿರಿದವರು. ಹಾವನ್ನು ಕಂಡು ಬೆದರಿದವನು ಹಗ್ಗಕ್ಕೂ ಹೆದರುವುದು ಸಹಜ. ದೊರೆಯ ಕೈಯಿಂದ ಕಿತ್ತುಕೊಂಡ ಅಧಿಕಾರವನ್ನು ಮತ್ತಾರ ಕೈಗೂ ಕೊಡಲು ಅವರಿಗೆ ಮನಸ್ಸು ಬಾರದು. ಈ ದೌರ್ಬಲ್ಯವು ಅವರ ಸ್ವಾತಂತ್ರ್ಯಪ್ರೇಮದಿಂದಲೇ ಹುಟ್ಟಿದುದು. ಆದರೆ ಅದರ ಫಲವನ್ನು ಉಂಡವರು ಯಾರೆಂಬುದನ್ನು ನೋಡಬೇಕು.

ಮೊದಲು ಹಣದ ಮಾತು. ಯುದ್ಧಕ್ಕಾಗಿ ಕಾಂಗ್ರೆಸ್ಸು ಅಚ್ಚು ಹಾಕಿದ ಕಾಗದದ ನಾಣ್ಯವು ಬೆಲೆಯಿಳಿದು, ೧೭೮೦ ರಲ್ಲಿ ನಲವತ್ತು ಕಾಗದದ ಡಾಲರುಗಳನ್ನು ಬೆಳ್ಳಿಯ ಒಂದು ಡಾಲರಿಗೆ ಸಮವೆಂದು ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. ಹೊರದೇಶದ ಸರಕುಗಳ ಮೇಲೆ ನೂರಕ್ಕೆ ಐದರಂತೆ ಸುಂಕವನ್ನೆತ್ತಲು ಕಾಂಗ್ರೆಸ್ಸು ೧೭೮೧ ರಲ್ಲಿ ಅನುಮತಿ ಬೇಡಿತು. ಎಲ್ಲಕ್ಕೂ ಚಿಕ್ಕದಾದ ರೋಡ್ ಐಲೆಂಡು ಒಲ್ಲೆನೆಂದಿತು. ೧೭೮೩ ರಲ್ಲಿ ಮತ್ತೆ ಬೇಡಿತು. ಈ ಸಲ ನ್ಯೂಯಾರ್ಕು ಅದನ್ನು ಕೆಡಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯಲಾರದು.

ಕನ್ನಡನಾಡಿಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ೧೭೮೨ ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಶತ್ರುಪಕ್ಷದ ಹಡಗುಗಳ ಹಾವಳಿ ಹೆಚ್ಚಾಯಿತು. ಅದನ್ನು ತಡೆಯುವ ಶಕ್ತಿ ಕಾಂಗ್ರೆಸ್ಸಿನ ನೌಕಾಬಲಕ್ಕೆ ಇರಲಿಲ್ಲ. ಫಿಲಡೆಲ್ಫಿಯದ ವರ್ತಕರೂ ಪೆನ್ಸಿಲ್ವೇನಿಯ ಸಂಸ್ಥಾನವೂ ಕೂಡಿ ತಾವೇ ಒಂದು ಹಡಗನ್ನು ಸಜ್ಜುಗೊಳಿಸಿದರು. ಅದರ ಹೆಸರು ‘ಹೈದರ್ ಅಲಿ’! ಆಗ ದಕ್ಷಿಣ ಭಾರತದಲ್ಲಿ ಆಂಗ್ಲರೊಡನೆ ಹೋರಾಡುತ್ತಿದ್ದ ಮೈಸೂರಿನ ನವಾಬನ ಕೀರ್ತಿ ಅಷ್ಟು ದೂರ ಹಬ್ಬಿತ್ತು. ಏಪ್ರಿಲ್ ೮ ರಂದು ಆ ನೌಕೆಯು ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಆಂಗ್ಲ ನೌಕೆಯನ್ನು ಸೆರೆಹಿಡಿಯಿತು. ಗೆಲವು ಹೆಮ್ಮೆಯದೇ ಸರಿ. ಆದರೆ ರಾಷ್ಟ್ರವು ಮಾಡಬೇಕಾದ ಕೆಲಸವನ್ನು ಒಂದು ಊರಿನ ವರ್ತಕರು ಮಾಡಬೇಕಾಯಿತೆಂಬುದೂ ಅದರಲ್ಲಿಯೇ ಅಡಗಿದೆ.

ಸೈನಿಕರ ಪಾಡು ಇನ್ನೂ ಶೋಚನೀಯ. ವರ್ಷಗಟ್ಟಲೆ ಸಂಬಳವಿಲ್ಲದೆ ಕಾದಿದವರಿಗೆ ಕೊನೆಗೆ ದೊರೆತದ್ದು ಸಾಲಪತ್ರಗಳು. ೧೭೮೩ ರ ಜೂನಿನಲ್ಲಿ ಸಂಬಳ ಕಾಣದ ನೂರಾರು ಸೈನಿಕರು ಫಿಲಡೆಲ್ಫಿಯದ ಸಭಾಭವನವನ್ನು ಸುತ್ತುವರಿದರು. ನಾಡಪಡೆಯನ್ನು ಕರೆಯಿಸಿರೆಂದು ಕಾಂಗ್ರೆಸ್ಸು ಪೆನ್ಸಿಲ್ವೇನಿಯದ ಆಡಳಿತ ಮಂಡಲಿಯನ್ನು ಕೇಳಿಕೊಂಡಿತು, ಮಂಡಲಿಯು ಒಪ್ಪಲಿಲ್ಲ. ಆ ಮಂಡಲಿಯ ಅಧ್ಯಕ್ಷನು ಮತ್ತಾರೂ ಅಲ್ಲ, ಒಡಂಬಡಿಕೆಯ ಕರಡನ್ನು ಬರೆದ ಡಿಕಿನ್‌ಸನ್ನನೇ! ಇಂಗ್ಲೆಂಡಿನ ಸಾಮ್ರಾಜ್ಯಕ್ಕೆ ಅಂಜದ ಕಾಂಗ್ರೆಸ್ಸು ತನ್ನ ಸಿಪಾಯಿಗಳಿಗೆ ಅಂಜಿ ಪ್ರಿನ್ಸ್‌ಟನ್ನಿಗೆ ಹೊರಟುಹೋಯಿತು.

ಇಂತಹ ಸರ್ಕಾರಕ್ಕೆ ಹೊರಗೆ ಮರ್ಯಾದೆ ಎಲ್ಲಿಂದ ಬರಬೇಕು? ಪ್ಯಾರಿಸ್ಸಿನ ಸಂಧಿಯನ್ನು ಸ್ಥಿರಪಡಿಸಲು ಬೇಕಾದ ಒಂಬತ್ತು ಸಂಸ್ಥಾನಗಳ ಪ್ರತಿನಿಧಿಗಳು ಸೇರದೆ, ೧೭೮೪ ರ ಜನವರಿ ೧೪ ರವರೆಗೆ ಕಾಯಬೇಕಾಯಿತು. ಸಂಧಿಯಂತೆ ಆಂಗ್ಲ ವರ್ತಕರ ಸಾಲ ತೀರುವುದಕ್ಕೆ ಅಡ್ಡಿಯಿರಬಾರದಾಗಿತ್ತು. ಸಂಸ್ಥಾನಗಳು ಅದನ್ನು ಲಕ್ಷಿಸಲಿಲ್ಲ. ಅದನ್ನೇ ನೆವಮಾಡಿಕೊಂಡು ಆಂಗ್ಲರು ಡೆಟ್ರಾಯಿಟ್, ನಯಾಗರ ಮೊದಲಾದ ಕೋಟೆಗಳನ್ನು ೧೭೯೬ ರವರೆಗೆ ಬಿಡಲಿಲ್ಲ. ಸ್ಪೇನು ೧೭೮೪ ರಲ್ಲಿ ಮಿಸಿಸಿಪ್ಪಿಯ ಮುಖವನ್ನು ಅಮೆರಿಕದ ದೋಣಿಗಳಿಗೆ ಮುಚ್ಚಿತು. ಒಳಗೋ, ನೆರೆಹೊರೆಯ ಸಂಸ್ಥಾನಗಳೇ ಒಂದರ ಸರಕಿನ ಮೇಲೆ ಮತ್ತೊಂದು ಸುಂಕ ಹೇರುತ್ತಿದ್ದವು.

ಸಂಸ್ಥಾನಗಳ ಸಾಲವೂ ಕಡಮೆಯದಲ್ಲ. ಮೆಸಚೂಸೆಟ್ಸು ಅದನ್ನು ತೀರಿಸಲು ಬಲವಾದ ತೆರಿಗೆಗಳನ್ನು ವಿಧಿಸಿತು. ಬೆಳ್ಳಿಯ ಮುಖವನ್ನೇ ಕಾಣದ ಬೇಸಾಯಗಾರರ ಹೊಲಮನೆಗಳು ಜಪ್ತಿಗೆ ಬಂದವು. ೧೭೮೬ ರಲ್ಲಿ ಅವರು ಗುಂಪುಗೂಡಿ ನ್ಯಾಯಸ್ಥಾನಗಳನ್ನು ಮುಚ್ಚಿಸಿದರು. ಅವರ ಮುಂದಾಳುಗಳಲ್ಲೊಬ್ಬನಾದ ಡೇನಿಯಲ್ ಶೇಸನು ಸ್ವಾತಂತ್ರ್ಯಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ೧೭೮೭ ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಆಯುಧಾಗಾರದ ಮುಂದೆ ಫಿರಂಗಿ ಸಿಡಿದು ನಾಲ್ವರು ಮಡಿದರು. ಆಯುಧಾಗಾರವು ಕಾಂಗ್ರೆಸ್ಸಿನದು, ಕಾಯ್ದವರು ಸಂಸ್ಥಾನದ ನಾಡಪಡೆಯವರು, ದಂಗೆಯನ್ನಡಗಿಸಲು ಹೊರಟ ಸೈನ್ಯಕ್ಕೆ ಹಣವಿತ್ತವರು ಬಾಸ್ಟನ್ನಿನ ಧನಿಕರು.

ಹೀಗೆಂದು ಆ ಎಂಟು ವರ್ಷಗಳು ಬರಿಯ ಬರಡೆನ್ನಲಾಗದು. ಪಶ್ಚಿಮದ ಭೂಮಿಯನ್ನು ಅಳೆದು ಮಾರುವ ೧೭೮೫ ರ ಶಾಸನ, ಅಲ್ಲಿ ಹುಟ್ಟುವ ಹೊಸ ಸಂಸ್ಥಾನಗಳಿಗೆ ಹಳೆಯವುಗಳೊಡನೆ ಸಮಾನತೆಯನ್ನು ಕೊಟ್ಟು ಗುಲಾಮಗಿರಿಯನ್ನು ನಿಷೇಧಿಸಿದ ೧೭೮೭ ರ ವಾಯವ್ಯಪ್ರಾಂತದ ಶಾಸನ, ಇವೆರಡೂ ಆ ದುರ್ಬಲ ಕಾಂಗ್ರೆಸ್ಸಿನವೇ.

೧೭೮೭ ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಫಿಲಡೆಲ್ಫಿಯದಲ್ಲಿ ಐವತ್ತೈದು ಮಂದಿ ಪ್ರತಿನಿಧಿಗಳು ವಾಷಿಂಗ್‌ಟನ್ನನ ಅಧ್ಯಕ್ಷತೆಯಲ್ಲಿ ಹೊಸ ರಾಜ್ಯಾಂಗವನ್ನು ರಚಿಸಿದರು. ತೆರಿಗೆ, ವ್ಯಾಪಾರ, ಕಾರ್ಯಾಂಗ, ನ್ಯಾಯಾಂಗ, ಹಿಂದೆ ಇಲ್ಲದುದೆಲ್ಲವೂ ಅದರಲ್ಲಿ ಬಂದಿತು. ಆದರೆ ಬಲದೊಡನೆ ನ್ಯಾಯವೂ ತಾನಾಗಿ ಬರುವುದಿಲ್ಲ. ಐವರು ಗುಲಾಮರನ್ನು ಮೂವರೆಂದು ಎಣಿಸುವ ಲೆಕ್ಕವೂ ಆ ರಾಜ್ಯಾಂಗದಲ್ಲಿಯೇ ಸೇರಿತು. ೧೭೯೦ ರಲ್ಲಿ ಹೊಸ ಸರ್ಕಾರವು ಹಳೆಯ ಸಾಲಪತ್ರಗಳಿಗೆ ಪೂರ್ಣ ಬೆಲೆಯನ್ನು ಒಪ್ಪಿಕೊಂಡಾಗ, ಹಸಿವಿಗಾಗಿ ಅವನ್ನು ಅಗ್ಗಕ್ಕೆ ಮಾರಿಕೊಂಡಿದ್ದ ಸೈನಿಕರಿಗೂ ಒಂದು ಪಾಲು ಸಲ್ಲಬೇಕೆಂದು ಮ್ಯಾಡಿಸನ್ನನು ವಾದಿಸಿದನು. ಸಭೆಯು ಅದಕ್ಕೆ ಒಪ್ಪಲಿಲ್ಲ. ಲಾಭವೆಲ್ಲವೂ ಕೊಂಡವರ ಪಾಲಾಯಿತು.

ಬಲವಿಲ್ಲದ ಸರ್ಕಾರವು ಯಾರನ್ನೂ ಪೀಡಿಸಲಾರದೆಂದು ಅಮೆರಿಕದ ಹಿರಿಯರು ನಂಬಿದ್ದರು. ಸಾಲವನ್ನು ತೀರಿಸಲಾರದ, ಮಾತನ್ನು ಉಳಿಸಿಕೊಳ್ಳಲಾರದ ಸರ್ಕಾರವು ಬಡವನನ್ನು ಪೀಡಿಸದೆಯೇ ಕೆಡಿಸಬಲ್ಲುದೆಂಬುದನ್ನು ಈ ಎಂಟು ವರ್ಷಗಳು ತೋರಿಸಿಕೊಟ್ಟವು. ಬಲವುಳ್ಳ ಸರ್ಕಾರವೂ ಅವನನ್ನು ಮರೆಯಬಲ್ಲುದೆಂಬುದನ್ನು ಒಂಬತ್ತನೆಯ ವರ್ಷವು ತೋರಿಸಿತು.