ಬಡ ಭೂತಗಳು, ಸೋಮಾರಿ ಭೂತಗಳು

ಅಲ್ಪವ್ಯಯದ ದೆವ್ವದ ಚಿತ್ರಗಳೆಲ್ಲವೂ ಸಮಾನವಾಗಿ ಹಾಸ್ಯಾಸ್ಪದವೆಂದೂ, ಹಾಗಿರುವುದೇ ಅವುಗಳ ಸೊಗಸೆಂದೂ ಬಗೆದು, ಸಕಲವನ್ನೂ ಒಂದೇ ನಗೆಯಲ್ಲಿ ಮುಳುಗಿಸುವ ಅಭಿರುಚಿಯೊಂದು ವಿದ್ಯಾವಂತ ತರುಣರಲ್ಲಿ ಈಚೆಗೆ ಹಬ್ಬಿರುವುದರಿಂದ, ಮುಂಬಯಿಯ ಪರೇಲಿನ ಬಟ್ಟೆ ಗಿರಣಿಗಳ ನೆರೆಯಲ್ಲಿ ಬೆಳೆದು ಚಿತ್ರವಿಮರ್ಶೆಯಲ್ಲೇ ತಲೆ ನರೆಸಿಕೊಂಡ ನಾನು ಈ ಪ್ರಕಾರದ ಪೂರ್ವೋತ್ತರವನ್ನು ವಿವರಿಸಬೇಕಾಗಿದೆ. ಕೆಟ್ಟ ಚಿತ್ರಕ್ಕೆ ಹಣ ತೆರದಿರಲು ಬಯಸುವವನಿಗೂ ಇದು ಉಪಯೋಗಕ್ಕೆ ಬಂದೀತು.

ಹಿಂದಿಯಲ್ಲಿ 1949ರ ‘ಮಹಲ್’, 1962ರ ‘ಬೀಸ್ ಸಾಲ್ ಬಾದ್’, 1964ರ ‘ವೋ ಕೌನ್ ಥೀ’ ಚಿತ್ರಗಳಲ್ಲಿ ಪ್ರೇತವು ಕಡೆಗೆ ಮನುಷ್ಯರ ಕಪಟವೆಂದೇ ತಿಳಿಯುತ್ತಿತ್ತು. ಖ್ಯಾತ ತಾರೆಯರೂ ಗೀತೆಗಳೂ ಕೂಡಿದ್ದ ಅವನ್ನು ಬಡ ಚಿತ್ರಗಳೆನ್ನಲಾಗದು.

ನಿಜವಾದ ಆರಂಭ ರಾಮ್ಸೆ ಮನೆತನದ್ದು. ಕರಾಚಿಯಿಂದ ವಲಸೆ ಬಂದು ಮುಂಬಯಿಯಲ್ಲಿ ರೇಡಿಯೋ ಅಂಗಡಿಯಿಟ್ಟಿದ್ದ ಎಫ್. ಯು. ರಾಮ್ಸೆಯವರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ 1970ರಲ್ಲಿ ಸೋತಿತಾದರೂ, ಅದರಲ್ಲಿ ಪೃಥ್ವೀರಾಜ್ ಕಪೂರರು ಭೀಕರ ಮುಖವಾಡ ತೊಟ್ಟು ಕಳವಿಗೆ ಹೊರಡುವ ಒಂದು ದೃಶ್ಯಕ್ಕೆ ಜನ ಬೆಚ್ಚುತ್ತಿದ್ದುದನ್ನು ಮಕ್ಕಳಾದ ತುಳಸಿ ಮತ್ತು ಶ್ಯಾಮ್ ಗಮನಿಸಿದರು. ಅದರ ಫಲವೇ 1972ರ ‘ದೋ ಗಜ್ ಜಮೀನ್ ಕೇ ನೀಚೇ’. ಏಳು ಮಂದಿ ಸಹೋದರರು ನಿರ್ದೇಶನ, ಛಾಯಾಗ್ರಹಣ, ಧ್ವನಿಗಳನ್ನು ತಮ್ಮೊಳಗೇ ಹಂಚಿಕೊಂಡುದು ಮಿತವ್ಯಯದ ಗುಟ್ಟು. 1984ರ ‘ಪುರಾನಾ ಮಂದಿರ್’ ಚಿತ್ರದಲ್ಲಿ ದುಷ್ಟ ಸಾಮ್ರಿಯ ಶಿರವನ್ನು ಛೇದಿಸಿ, ಶಿರವೊಂದೆಡೆ ಮುಂಡವೊಂದೆಡೆ ಇರಿಸುತ್ತಾರೆ. ಶಿರವಿರುವ ಪೆಟ್ಟಿಗೆಯನ್ನು ಯಾರೋ ಒಬ್ಬರು ತೆರೆದೇ ತೆರೆಯುವರೆಂಬುದು ಮೊದಲೇ ತಿಳಿದಿರುವುದರಿಂದ, ಪ್ರೇಕ್ಷಕನ ಭಯವು ಪೆಟ್ಟಿಗೆಯ ಮೇಲೇ ನೆಟ್ಟಿರುತ್ತದೆ. ಒಂದು ಪೆಟ್ಟಿಗೆಗೆ ಎಷ್ಟು ಖರ್ಚು? ಸಾಮ್ರಿಯ ಪಾತ್ರ ವಹಿಸಿದ ಅನಿರುದ್ಧ್ ಅಗರ್ವಾಲರ ನೀಳ ದೇಹ, ಉದ್ದನೆಯ ಮುಖಗಳಿಗೂ ಬಣ್ಣದ ಹೊರೆ ಬೇಕಾಗಿರಲಿಲ್ಲ. ನಿರ್ದೇಶಕ ವಿ. ಶಾಂತಾರಾಮರು 1942ರಲ್ಲಿ ಇದೇ ಪರೇಲಿನಲ್ಲಿ ಸ್ಥಾಪಿಸಿದ ರಾಜಕಮಲ್ ಕಲಾಮಂದಿರವೆಂಬ ಸ್ಟುಡಿಯೋದ ವೈಭವವನ್ನು ಕೊಂಡಾಡುವವರು ಈ ಬಡವರ ಜಾಣ್ಮೆಗೆ ಒಂದು ಸಾಲನ್ನೂ ಮೀಸಲಿಡಲಿಲ್ಲ.

ಅನಂತರ ಬಂದವರು ಮೋಹನ್ ಭಾಕ್ರಿ ಮೊದಲಾದ ಅನುಕಾರಿಗಳು. 1987ರ ‘ಖೂನೀ ಮಹಲ್’ ಒಂದನ್ನು ನೋಡಿದರೆ ಉಳಿದವು ಕಂಡಂತೆಯೇ. ಪ್ರಥಮ ಹತ್ತು ನಿಮಿಷಗಳಲ್ಲೇ ಭೂತದ ಮುಖ ಪೂರ್ಣವಾಗಿ ಕಂಡಿತೆಂದರೆ, ಬಾಗಿಲೊಂದು ಅಲುಗಿದಾಗಲೆಲ್ಲ ಸಿಡಿಲು ಬಡಿಯಿತೆಂದರೆ, ಕಥೆ ಮುಗ್ಗರಿಸಿದ ಕಡೆಗಳಲ್ಲಿ ವಿದೂಷಕನೊಬ್ಬ ಓಡಿಬಂದನೆಂದರೆ, ಎದ್ದು ಹೊರಡುವುದು ಲೇಸು. ಹಣವಿಲ್ಲದವನು ಕತ್ತಲನ್ನು ದುಡಿಸಿಕೊಳ್ಳುತ್ತಾನೆ. ಮನಸ್ಸಿಲ್ಲದವನು ಬಣ್ಣ ಮೆತ್ತುತ್ತಾನೆ. 1993ರಲ್ಲಿ ‘ಜೀ ಹಾರರ್ ಶೋ’ ಮೂಲಕ ರಾಮ್ಸೆಗಳೇ ಕಿರುತೆರೆಗೆ ಇಳಿದ ಮೇಲಿನ ಕಥೆ ದೀರ್ಘವಾದುದೇನಲ್ಲ.

ಕನ್ನಡದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ಅನಂತನಾಗ್ ಮತ್ತು ಲಕ್ಷ್ಮಿಯವರ ಅಭಿನಯದಿಂದ ಗೆದ್ದಿತು; 2013ರ ‘6-5=2’ ಕಾಡಿನಲ್ಲಿ ದೊರೆತ ಕ್ಯಾಮೆರಾದ ದೃಶ್ಯಗಳೆಂಬ ನೆಪವೊಡ್ಡಿ ಅಗ್ಗದ ಚಿತ್ರೀಕರಣವನ್ನೇ ಕಥೆಯ ಪುರಾವೆಯನ್ನಾಗಿಸಿತು. ಇವೆರಡರ ನಡುವಣ ಮೂರು ದಶಕಗಳ ಬಡ ಭೂತಗಳನ್ನು ಕುರಿತು ನಮ್ಮ ವಿಮರ್ಶಕರು ಗಂಭೀರವಾಗಿ ಬರೆದುದು ಅತ್ಯಲ್ಪ. ಮುಖವಾಡ ಮಾಡಿದ ಕೈಗಳು ಯಾರವು, ಹಳೆಯ ಬಂಗಲೆಯ ಗೋಡೆಗೆ ಪಾಚಿಬಣ್ಣ ಬಳಿದವರಾರು, ಅವರಿಗೆ ಸಂದ ಕೂಲಿಯೆಷ್ಟು ಎಂಬುದನ್ನು ನಾನು ಕಂಡ ಯಾವ ಚಲನಚಿತ್ರ ಚರಿತ್ರೆಯೂ ಕೇಳಿಲ್ಲ. ಇಂಥ ಚಿತ್ರಗಳ ಅಗ್ಗದ ಸೀಟುಗಳನ್ನು ತುಂಬುತ್ತಿದ್ದ ಮುಂಬಯಿಯ ಗಿರಣಿ ಕೆಲಸಗಾರರು, 1982ರ ಗಿರಣಿ ಮುಷ್ಕರದ ತರುವಾಯ ಚದುರಿಹೋಗುವ ಮುನ್ನ, ಏನನ್ನು ಕಂಡು ಹೆದರುತ್ತಿದ್ದರು, ಏನಕ್ಕೆ ನಗುತ್ತಿದ್ದರು ಎಂಬುದನ್ನಂತೂ ಅವರನ್ನೇ ಕೇಳಬೇಕಾಗಿತ್ತು.